ಹೆಸರಿಗಿಂತ ಮೊದಲು ಹೂವು: ಕಾರ್ಲ್ ಲಿನೇಯಸ್ ಅವರ ನಡಿಗೆಯ ಪಾಠಶಾಲೆ

ಜೀವವಿಜ್ಞಾನ ಬೋಧನಾ ಪದ್ಧತಿಯ ಪ್ರಶಿಕ್ಷಣಾರ್ಥಿಗಳ ಅಭ್ಯಾಸ ಪಾಠಗಳನ್ನು ವೀಕ್ಷಿಸುವುದು ನನ್ನ ಕೆಲಸ. ವರ್ಗೀಕರಣದ ಘಟಕ ಬಂದಾಗಲೆಲ್ಲ ಕಾರ್ಲ್ ಲಿನೇಯಸ್ ಅವರ ಹೆಸರು ಕಪ್ಪುಹಲಗೆಯ ಮೇಲೆ ಬರುತ್ತದೆ. ದ್ವಿನಾಮ ಪದ್ಧತಿಯ ಪಿತಾಮಹ ಎಂಬ ಒಂದು ಸಾಲು, 1707 ಮತ್ತು 1778 ಎಂಬ ಎರಡು ಇಸವಿಗಳು, ಮಾವಿಗೆ ಮ್ಯಾಂಜಿಫೆರಾ ಇಂಡಿಕಾ ಎಂಬ ಒಂದು ಉದಾಹರಣೆ. ಇಷ್ಟಕ್ಕೆ ಪಾಠ ಮುಗಿದು ಮೌಲ್ಯಮಾಪನದ ಪ್ರಶ್ನೆಗಳು ಶುರುವಾಗುತ್ತವೆ. ಆ ಹೊತ್ತಿಗೆ ಕಿಟಕಿಯ ಆಚೆ, ಶಾಲೆಯ ಬೇಲಿಯ ಬುಡದಲ್ಲಿ, ತುಂಬೆ, ದತ್ತೂರಿ, ನೆಗ್ಗಿಲುಗಳು ಅರಳಿ ನಿಂತಿರುತ್ತವೆ. ರಜೆಯಲ್ಲಿ ಮೇಕೆ ಮೇಯಿಸುವ ಹುಡುಗನಿಗೆ ಆ ಗಿಡಗಳಲ್ಲಿ ಯಾವುದನ್ನು ಮೇಕೆ ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬುದು ಚೆನ್ನಾಗಿ ಗೊತ್ತು. ಆದರೂ ಅವನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಪಾಠ ಕೇಳುತ್ತಿರುವುದು ಲ್ಯಾಟಿನ್ ಹೆಸರನ್ನು. ಅವನಿಗೆ ಗೊತ್ತಿರುವುದು ಗಿಡ.

ಲಿನೇಯಸ್ ಅವರ ಬದುಕನ್ನು ಓದಿದಷ್ಟೂ ನನಗೆ ಈ ಪಾಠಕ್ಕೂ ಆ ಬದುಕಿಗೂ ಇರುವ ದೂರ ಹೆಚ್ಚು ಹೆಚ್ಚು ಕಾಣುತ್ತ ಬಂದಿದೆ. ಅವರು ವಿದ್ಯಾರ್ಥಿಗಳನ್ನು ಗದ್ದೆ ಬಯಲಿಗೆ ಕರೆದೊಯ್ದು ಕಲಿಸಿದ ಶಿಕ್ಷಕ. ಎರಡು ಪದಗಳ ಹೆಸರು ರೂಢಿಗೆ ಬಂದದ್ದೂ ಅಂಥ ಹೊರಗಿನ ಕಲಿಕೆಯ ಅನುಕೂಲಕ್ಕಾಗಿಯೇ. ಆದ್ದರಿಂದ ಅವರ ಜೀವನವನ್ನು ಪ್ರಶಿಕ್ಷಣಾರ್ಥಿಗಳಿಗೆ ಪಾಠದಲ್ಲಿ ಉಪಯೋಗವಾಗುವಂತೆ ಇಲ್ಲಿ ಹೇಳುತ್ತಿದ್ದೇನೆ.

ತೋಟದಲ್ಲಿ ಬೆಳೆದ ಹುಡುಗ

ದಕ್ಷಿಣ ಸ್ವೀಡನ್ನಿನ ಸ್ಮೋಲಂಡ್ ಪ್ರಾಂತ್ಯದ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ 1707ರ ಮೇ ತಿಂಗಳಲ್ಲಿ ಕಾರ್ಲ್ ಹುಟ್ಟಿದ. ತಂದೆ ನಿಲ್ಸ್ ಚರ್ಚಿನ ಪಾದ್ರಿ. ಆ ಕಾಲದ ಸ್ವೀಡನ್ನಿನ ಹಳ್ಳಿಯವರಿಗೆ ಮನೆತನದ ಹೆಸರು ಇರುತ್ತಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಸೇರುವಾಗ ಹೆಸರೊಂದು ಬೇಕಾಯಿತು. ಕುಟುಂಬದ ಜಮೀನಿನಲ್ಲಿದ್ದ ದೊಡ್ಡ ಲಿಂಡ್ ಮರವನ್ನು ನೆನೆದು ನಿಲ್ಸ್ ಲಿನೇಯಸ್ ಎಂಬ ಹೆಸರನ್ನು ಇಟ್ಟುಕೊಂಡರು. ಗಿಡಮರಗಳಿಗೆ ಹೆಸರು ಕೊಡಲಿದ್ದವನಿಗೆ ತನ್ನ ಹೆಸರೇ ಮರದಿಂದ ಬಂದಿತ್ತು.

ನಿಲ್ಸ್ ಅವರಿಗೆ ತೋಟವೆಂದರೆ ಪ್ರಾಣ. ಮಗನಿಗೂ ತೋಟದಲ್ಲಿ ಒಂದು ಪಾತಿ ಬಿಟ್ಟುಕೊಟ್ಟಿದ್ದರು. ಕಾರ್ಲ್ ನಾಲ್ಕು ವರ್ಷದವನಿದ್ದಾಗ ನಡೆದ ಒಂದು ಪ್ರಸಂಗವನ್ನು ಮುಂದೆ ಅವರೇ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಕೆರೆಯಂಚಿನ ಹುಲ್ಲಿನ ಮೇಲೆ ಕುಳಿತಿದ್ದ ಅತಿಥಿಗಳಿಗೆ ತಂದೆ ಒಂದೊಂದು ಗಿಡದ ಹೆಸರನ್ನೂ ಬೇರನ್ನೂ ತೋರಿಸಿ ವಿವರಿಸುತ್ತಿದ್ದರು. ಮಗು ಅದನ್ನು ಕಣ್ಣರಳಿಸಿ ಕೇಳಿತು. ಅಂದಿನಿಂದ ಕಂಡ ಕಂಡ ಗಿಡದ ಹೆಸರು ಕೇಳುವುದು, ಮರೆಯುವುದು, ಮತ್ತೆ ಕೇಳುವುದು. ಕಡೆಗೆ ತಂದೆ ಒಂದು ಕಟ್ಟು ಹಾಕಿದರು: ಹೇಳಿಕೊಟ್ಟದ್ದನ್ನು ಮರೆತರೆ ಇನ್ನು ಮುಂದೆ ಹೊಸ ಹೆಸರು ಹೇಳುವುದಿಲ್ಲ. ಹುಡುಗ ಆಮೇಲೆ ಮರೆಯಲಿಲ್ಲ. ಇಲ್ಲಿ ನೆನಪಿಗೆ ಒತ್ತು ಇದೆ, ನಿಜ. ಆದರೆ ನೆನಪಿಡಬೇಕಾದ ಪ್ರತಿ ಹೆಸರಿನ ಹಿಂದೆ ಕೈಯಲ್ಲಿ ಹಿಡಿದು ನೋಡಿದ ಒಂದು ಗಿಡವಿತ್ತು.

ಶಾಲೆಗೆ ಒಗ್ಗದ ವಿದ್ಯಾರ್ಥಿ

ವೆಕ್‌ಶೋ ಪಟ್ಟಣದ ಶಾಲೆಯಲ್ಲಿ ಪಾದ್ರಿಯಾಗುವವರಿಗೆ ಬೇಕಾದ ಪಾಠಗಳೇ ಪ್ರಧಾನ. ಕಾರ್ಲ್ ಪಾಠ ತಪ್ಪಿಸಿ ಗಿಡ ಹುಡುಕುತ್ತ ಅಲೆಯುತ್ತಿದ್ದ. ಮಗನ ಪ್ರಗತಿ ವಿಚಾರಿಸಲು ತಂದೆ ಬಂದಾಗ ಅಧ್ಯಾಪಕರು ಕೊಟ್ಟ ಅಭಿಪ್ರಾಯ ನಿರಾಶಾದಾಯಕವಾಗಿತ್ತು: ಈ ಹುಡುಗ ವಿದ್ಯೆಗೆ ತಕ್ಕವನಲ್ಲ, ಯಾವುದಾದರೂ ಕೈಕಸುಬಿಗೆ ಹಾಕುವುದು ಮೇಲು. ಅದೇ ಊರಿನಲ್ಲಿ ವೈದ್ಯರೂ ಶಿಕ್ಷಕರೂ ಆಗಿದ್ದ ಯೋಹಾನ್ ರೋಥ್‌ಮನ್ ಮಧ್ಯೆ ಬಂದರು. ಹುಡುಗ ಪಾದ್ರಿಯಾಗದಿದ್ದರೆ ಬೇಡ, ಒಳ್ಳೆಯ ವೈದ್ಯನಾಗಬಲ್ಲ ಎಂದು ತಂದೆಯನ್ನು ಒಪ್ಪಿಸಿ, ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಶರೀರಶಾಸ್ತ್ರವನ್ನೂ ಸಸ್ಯಶಾಸ್ತ್ರವನ್ನೂ ಕಲಿಸಿದರು. ಹೂವಿನ ಭಾಗಗಳನ್ನು ನೋಡಿ ಗಿಡಗಳನ್ನು ವಿಂಗಡಿಸಬಹುದು ಎಂಬುದನ್ನು ಹುಡುಗ ಅವರಿಂದಲೇ ಕಲಿತ.

ಅಭ್ಯಾಸ ಪಾಠದಲ್ಲಿ ನಾವು ಮೊದಲ ವಾರವೇ ಮಕ್ಕಳನ್ನು ಚುರುಕು, ಮಂದ ಎಂದು ಮನಸ್ಸಿನಲ್ಲೇ ವಿಂಗಡಿಸಿಬಿಡುತ್ತೇವೆ. ಜಗತ್ತಿನ ಜೀವರಾಶಿಯನ್ನೇ ವಿಂಗಡಿಸಿದವನನ್ನು ಅವನ ಶಾಲೆ ತಪ್ಪು ಸಾಲಿಗೆ ಹಾಕಿತ್ತು. ಒಬ್ಬ ಶಿಕ್ಷಕ ಅದನ್ನು ತಿದ್ದಿದರು. ಲಿನೇಯಸ್ ಪಾಠದಲ್ಲಿ ರೋಥ್‌ಮನ್ ಅವರ ಹೆಸರನ್ನೂ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

1727ರಲ್ಲಿ ಲುಂಡ್, ಮರುವರ್ಷ ಉಪ್ಸಾಲಾ ವಿಶ್ವವಿದ್ಯಾಲಯ. ಕೈಯಲ್ಲಿ ಕಾಸಿಲ್ಲ, ಸವೆದ ಬೂಟಿನೊಳಗೆ ಕಾಗದ ಮಡಿಸಿಟ್ಟುಕೊಂಡು ನಡೆಯುತ್ತಿದ್ದ ದಿನಗಳವು. ವಿಶ್ವವಿದ್ಯಾಲಯದ ತೋಟದಲ್ಲಿ ಗಿಡಗಳನ್ನು ಪರೀಕ್ಷಿಸುತ್ತಿದ್ದ ಈ ತರುಣನನ್ನು ಉಲೋಫ್ ಸೆಲ್ಸಿಯಸ್ ಎಂಬ ಪ್ರಾಧ್ಯಾಪಕರು ಕಂಡು ಮಾತನಾಡಿಸಿದರು. ಅವನ ತಿಳಿವಳಿಕೆಗೆ ಬೆರಗಾಗಿ ಮನೆಯಲ್ಲಿ ಊಟ ವಸತಿ ಕೊಟ್ಟರು. 1730ರ ಹೊತ್ತಿಗೆ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ಅದೇ ತೋಟದಲ್ಲಿ ಇತರ ವಿದ್ಯಾರ್ಥಿಗಳಿಗೆ ಗಿಡಗಳನ್ನು ತೋರಿಸಿ ಪಾಠ ಹೇಳುವ ಕೆಲಸ ಅವರಿಗೆ ಸಿಕ್ಕಿತು.

ಲ್ಯಾಪ್‌ಲ್ಯಾಂಡಿನ ದಾರಿ

1732ರ ಮೇ ತಿಂಗಳಲ್ಲಿ, 25ರ ಹರೆಯದಲ್ಲಿ, ಲಿನೇಯಸ್ ಒಬ್ಬರೇ ಕುದುರೆ ಏರಿ ಉತ್ತರದ ಲ್ಯಾಪ್‌ಲ್ಯಾಂಡಿಗೆ ಹೊರಟರು. ಕುದುರೆ ಹೋಗದ ಕಡೆ ಕಾಲ್ನಡಿಗೆ, ನಡೆಯಲಾಗದ ಕಡೆ ದೋಣಿ. ಜೌಗು, ಸೊಳ್ಳೆ, ಕರಗುತ್ತಿರುವ ಹಿಮ ಎಲ್ಲವನ್ನೂ ದಾಟಿ ಅಕ್ಟೋಬರಿನಲ್ಲಿ ಹಿಂತಿರುಗಿದರು. ದಿನಚರಿಯಲ್ಲಿ ಹೂ, ಹಕ್ಕಿ, ಕೀಟ, ಕಲ್ಲುಗಳ ಜೊತೆಗೆ ಅಲ್ಲಿನ ಸಾಮಿ ಜನರ ಊಟ, ಉಡುಗೆ, ಹಿಮಸಾರಂಗ ಸಾಕಣೆ, ಮನೆಮದ್ದುಗಳೂ ಚಿತ್ರಸಹಿತ ದಾಖಲಾದವು. ಈ ಪ್ರವಾಸದ ಫಲವಾಗಿ 1737ರಲ್ಲಿ ಲ್ಯಾಪ್‌ಲ್ಯಾಂಡಿನ ಸಸ್ಯಗಳ ಗ್ರಂಥ ಹೊರಬಂತು.

ಉತ್ತರದ ಕಾಡುಗಳ ನೆಲದಲ್ಲಿ ಹಬ್ಬುವ ಒಂದು ಪುಟ್ಟ ಬಳ್ಳಿಯಿದೆ. ಒಂದೇ ತೊಟ್ಟಿನ ತುದಿ ಕವಲೊಡೆದು ಎರಡು ತಿಳಿಗುಲಾಬಿ ಗಂಟೆ ಹೂಗಳು ತೂಗುತ್ತವೆ. ಇದು ಲಿನೇಯಸ್ ಅವರಿಗೆ ಬಹಳ ಪ್ರಿಯವಾದ ಹೂ. ಅವರ ಗೆಳೆಯ ಗ್ರೊನೋವಿಯಸ್ ಇದಕ್ಕೆ ಲಿನೇಯ ಎಂದು ಹೆಸರಿಟ್ಟರು. ದೊಡ್ಡ ಮರಕ್ಕಲ್ಲ, ತುಳಿದು ಹೋಗುವವರ ಕಣ್ಣಿಗೆ ಬೀಳದ ಈ ನೆಲಬಳ್ಳಿಗೆ ತಮ್ಮ ಹೆಸರು ಬಂದದ್ದು ಅವರಿಗೆ ಸಂತೋಷದ ವಿಷಯವಾಗಿತ್ತು.

ಎಣಿಸುವ ವಿದ್ಯೆ

1735ರಲ್ಲಿ ಲಿನೇಯಸ್ ಹಾಲೆಂಡಿಗೆ ಹೋಗಿ ವೈದ್ಯಕೀಯ ಪದವಿ ಪಡೆದರು. ಅದೇ ವರ್ಷ ಲೈಡನ್ ನಗರದಲ್ಲಿ ಸಿಸ್ಟೆಮಾ ನ್ಯಾಚುರೇ ಪ್ರಕಟವಾಯಿತು. ಮೊದಲ ಮುದ್ರಣ ಕೆಲವೇ ದೊಡ್ಡ ಹಾಳೆಗಳಷ್ಟು. ಅದರಲ್ಲಿ ಖನಿಜ, ಸಸ್ಯ, ಪ್ರಾಣಿ ಎಂಬ ಮೂರು ಸಾಮ್ರಾಜ್ಯಗಳನ್ನು ಕೋಷ್ಟಕಗಳಲ್ಲಿ ಇಟ್ಟಿದ್ದರು. ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿದ್ದರು. ವರ್ಗವನ್ನು ಗುರುತಿಸಲು ಮುಖ್ಯವಾಗಿ ಹೂವಿನ ಕೇಸರಗಳನ್ನು ಎಣಿಸಬೇಕು, ಅವುಗಳ ಉದ್ದ ಮತ್ತು ಜೋಡಣೆಯನ್ನು ನೋಡಬೇಕು. ವರ್ಗದೊಳಗಿನ ಗಣಕ್ಕೆ ಬಹುಮಟ್ಟಿಗೆ ಶಲಾಕೆಗಳನ್ನು ಎಣಿಸಬೇಕು.

ಇದರ ಸೊಗಸು ನಮ್ಮ ಬೇಲಿಯಂಚಿನಲ್ಲೇ ಗೊತ್ತಾಗುತ್ತದೆ. ಕಾಡುಮಲ್ಲಿಗೆಯಲ್ಲಿ ಕೇಸರ ಎರಡು. ದತ್ತೂರಿಯಲ್ಲಿ ಐದು. ಅಗ್ನಿಶಿಖೆಯಲ್ಲಿ ಆರು. ನೆಗ್ಗಿಲಿನ ಪುಟ್ಟ ಹಳದಿ ಹೂವಿನಲ್ಲಿ ಹತ್ತು. ತುಂಬೆಯಲ್ಲಿ ನಾಲ್ಕು: ಎರಡು ಉದ್ದ, ಎರಡು ಗಿಡ್ಡ. ಸಾಸಿವೆಯಲ್ಲಿ ಆರು: ನಾಲ್ಕು ಉದ್ದ, ಎರಡು ಗಿಡ್ಡ. ದಾಸವಾಳದಲ್ಲಿ ಹಲವು ಕೇಸರಗಳು ಕೂಡಿ ಒಂದು ಕೊಳವೆಯಾಗಿವೆ. ಎಣಿಕೆ ಬರುವ ಯಾವ ಮಗುವೂ ಮಸೂರ ಹಿಡಿದು ಈ ವ್ಯತ್ಯಾಸಗಳನ್ನು ಕಾಣಬಲ್ಲದು. ಅದುವರೆಗೆ ಕೆಲವೇ ಪಂಡಿತರ ಸೊತ್ತಾಗಿದ್ದ ಸಸ್ಯಗಳ ಗುರುತು ಹೀಗೆ ಎಲ್ಲರ ಕೈಗೆಟುಕುವಂತಾಯಿತು.

ಇದರ ಕೊರತೆಯನ್ನೂ ತರಗತಿಯಲ್ಲಿ ಹೇಳಬೇಕು. ಭತ್ತದ ಹೂವಿನಲ್ಲಿ ಆರು ಕೇಸರ, ರಾಗಿಯಲ್ಲಿ ಮೂರು. ಎಣಿಕೆಯನ್ನೇ ನಂಬಿದರೆ ಹುಲ್ಲಿನ ಕುಟುಂಬದ ಭತ್ತ ತನ್ನ ನಂಟ ರಾಗಿಯನ್ನು ಬಿಟ್ಟು, ಯಾವ ಹೋಲಿಕೆಯೂ ಇಲ್ಲದ ಅಗ್ನಿಶಿಖೆಯ ವರ್ಗಕ್ಕೆ ಹೋಗಿ ಸೇರುತ್ತದೆ. ಲಿನೇಯಸ್ ಅವರ ಪುಸ್ತಕದಲ್ಲಿ ಆದದ್ದೂ ಹಾಗೆಯೇ. ಈ ವ್ಯವಸ್ಥೆ ಕೃತಕ, ಗುರುತು ಹಿಡಿಯುವುದಕ್ಕೆ ಒಂದು ಸಾಧನ ಮಾತ್ರ ಎಂಬುದು ಅವರಿಗೂ ಗೊತ್ತಿತ್ತು. ಮುಂದಿನ ಸಸ್ಯಶಾಸ್ತ್ರಜ್ಞರು ಆ 24 ವರ್ಗಗಳನ್ನು ಕೈಬಿಟ್ಟರು.

ಉಪ್ಸಾಲಾದ ಶನಿವಾರಗಳು

1738ರಲ್ಲಿ ಸ್ವೀಡನ್ನಿಗೆ ಮರಳಿದ ಲಿನೇಯಸ್ ಸ್ಟಾಕ್‌ಹೋಮಿನಲ್ಲಿ ವೈದ್ಯವೃತ್ತಿ ನಡೆಸಿದರು. 1739ರಲ್ಲಿ ಸಾರಾ ಎಲಿಸಬೆತ್ ಮೊರೇಯ ಅವರೊಂದಿಗೆ ಮದುವೆಯಾಯಿತು. 1741ರಲ್ಲಿ ಉಪ್ಸಾಲಾದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಶಿಕ್ಷಕರಾದ ನಾವು ಅವರ ಬದುಕಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ.

ಬೇಸಿಗೆಯ ಶನಿವಾರಗಳಂದು ಅವರು ವಿದ್ಯಾರ್ಥಿಗಳನ್ನು ಊರ ಸುತ್ತಲಿನ ಹೊಲ, ಹುಲ್ಲುಗಾವಲು, ಕಾಡುಗಳಿಗೆ ಕರೆದೊಯ್ಯುತ್ತಿದ್ದರು. ಇದಕ್ಕೆಂದು ಎಂಟು ದಾರಿಗಳನ್ನು ಗೊತ್ತುಮಾಡಿದ್ದರು. ಒಂದೊಂದು ದಾರಿಯಲ್ಲೂ ಸಿಗುವ ಗಿಡಗಳು ಬೇರೆ. ಈ ಎಂಟು ನಡಿಗೆಗಳ ವಿವರ 1753ರಲ್ಲಿ ಒಂದು ಪ್ರಬಂಧವಾಗಿ ಅಚ್ಚಾಗಿದೆ. ಸೆಖೆಗೆ ತಕ್ಕ ಹಗುರ ಬಟ್ಟೆ, ಅಗಲ ಅಂಚಿನ ಟೋಪಿ. ಜೊತೆಗೆ ಮಸೂರ, ಚಾಕು, ಕೀಟಗಳಿಗೆ ಸೂಜಿ, ಗಿಡ ತುಂಬುವ ಡಬ್ಬಿ, ಬರೆಯಲು ಕಾಗದ. ಬೆಳಗ್ಗೆ ಹೊರಟರೆ ಮರಳುವುದು ಸಂಜೆಗೆ. ಕೆಲವು ವರ್ಷ ನೂರಾರು ಮಂದಿ ಸೇರುತ್ತಿದ್ದರು.

ಇಷ್ಟು ದೊಡ್ಡ ಗುಂಪು ಸಂತೆಯಾಗದಂತೆ ಕೆಲಸ ಹಂಚಿಕೆ ಇತ್ತು. ಗುರುಗಳು ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬ, ಶಿಸ್ತು ನೋಡಿಕೊಳ್ಳಲು ಒಬ್ಬ, ಹಕ್ಕಿಗಳನ್ನು ಹೊಡೆದು ತರಲು ಒಬ್ಬ ಬಂದೂಕುಗಾರ. ಬೈನಾಕ್ಯುಲರ್ ಹಿಡಿದು ಹಕ್ಕಿ ನೋಡುವ ಕಾಲ ಅದಲ್ಲ. ಹಕ್ಕಿಯನ್ನು ಕೈಯಲ್ಲಿ ಹಿಡಿಯದೆ ಗುರುತಿಸಲು ಬೇರೆ ದಾರಿ ಇರಲಿಲ್ಲ. ವಿದ್ಯಾರ್ಥಿಗಳು ಸುತ್ತ ಚದುರಿ ಹುಡುಕುತ್ತಿದ್ದರು. ಸುಮಾರು ಅರ್ಧ ಗಂಟೆಗೊಮ್ಮೆ ಎಲ್ಲರೂ ಒಂದು ಕಡೆ ಸೇರಿ, ತಂದದ್ದನ್ನು ಗುರುಗಳ ಮುಂದೆ ಇಡುತ್ತಿದ್ದರು. ಲಿನೇಯಸ್ ಒಂದೊಂದನ್ನೇ ಎತ್ತಿ ಗುರುತು ಹೇಳಿ, ಮದ್ದಿಗೆ ಬರುತ್ತದೆಯೇ, ವಿಷವೇ, ರೈತ ಅದನ್ನು ಯಾವುದಕ್ಕೆ ಬಳಸುತ್ತಾನೆ ಎಂದು ವಿವರಿಸುತ್ತಿದ್ದರು. ಕೇಳುತ್ತಿದ್ದವರಲ್ಲಿ ಅನೇಕರು ನಾಳಿನ ವೈದ್ಯರು. ಗಿಡ ತಪ್ಪಿದರೆ ರೋಗಿಯ ಪ್ರಾಣ ಹೋಗುತ್ತದೆ. ಸಂಜೆ ಟೋಪಿಗೆ ಹೂ ಸಿಕ್ಕಿಸಿಕೊಂಡು, ಕೊಂಬು ನಗಾರಿಗಳೊಂದಿಗೆ ಗುರುವಿಗೆ ಜೈಕಾರ ಹಾಕುತ್ತ ಮೆರವಣಿಗೆ ತೋಟಕ್ಕೆ ಮರಳುತ್ತಿತ್ತು. ವಿಶ್ವವಿದ್ಯಾಲಯದ ಕೆಲವು ಹಿರಿಯರಿಗೆ ಈ ಗದ್ದಲ ರುಚಿಸಲಿಲ್ಲ. ಓದು ಇಷ್ಟು ಖುಷಿಯಾಗಿರಬಹುದೇ ಎಂಬ ಅನುಮಾನ ಆ ಕಾಲಕ್ಕೂ ಹೊಸದಲ್ಲ.

ಈ ನಡಿಗೆಯ ಕ್ರಮವನ್ನು ನಮ್ಮ ಪಾಠ ಯೋಜನೆಯ ಭಾಷೆಯಲ್ಲಿ ಹೇಳುವುದಾದರೆ, ಮೊದಲು ವಿದ್ಯಾರ್ಥಿಯ ಹುಡುಕಾಟ, ಆಮೇಲೆ ವೀಕ್ಷಣೆ ಮತ್ತು ಎಣಿಕೆ, ಕಡೆಗೆ ಶಿಕ್ಷಕರ ವಿವರಣೆ.

ಎರಡು ಪದಗಳ ಹೆಸರು

ಆಗ ಒಂದು ಗಿಡದ ಶಾಸ್ತ್ರೀಯ ಹೆಸರೆಂದರೆ ಲ್ಯಾಟಿನ್ನಿನಲ್ಲಿ ಒಂದು ಪುಟ್ಟ ವರ್ಣನೆ. ಎಲೆಯ ಆಕಾರ, ರೋಮ, ತೆನೆಯ ರೂಪ, ದಂಟಿನ ದುಂಡು ಎಲ್ಲವೂ ಹೆಸರಿನಲ್ಲೇ ಬರಬೇಕು. ಹತ್ತಿರದ ಹೊಸ ಗಿಡ ಸಿಕ್ಕಿದರೆ, ಅದರಿಂದ ಬೇರ್ಪಡಿಸಲು ಹಳೆಯ ಹೆಸರು ಇನ್ನೂ ಉದ್ದವಾಗುತ್ತಿತ್ತು.

1740ರ ದಶಕದಲ್ಲಿ ಲಿನೇಯಸ್ ತಮ್ಮ ವಿದ್ಯಾರ್ಥಿಗಳನ್ನು ಒಂದು ಕೆಲಸಕ್ಕೆ ಹಚ್ಚಿದರು. ಸ್ವೀಡನ್ನಿನ ಗಿಡಗಳಲ್ಲಿ ದನ, ಮೇಕೆ, ಕುರಿ, ಕುದುರೆ, ಹಂದಿ ಯಾವುದನ್ನು ತಿನ್ನುತ್ತವೆ, ಯಾವುದನ್ನು ಬಿಡುತ್ತವೆ ಎಂದು ಪರೀಕ್ಷಿಸಿ ಪಟ್ಟಿ ಮಾಡುವುದು. ಮೇಯುವ ದನದ ಪಕ್ಕ ನಿಂತು ಸಾಲುದ್ದದ ಹೆಸರು ಬರೆಯುವುದು ಆಗದ ಮಾತು. 1749ರಲ್ಲಿ ಪ್ರಕಟವಾದ ಪ್ಯಾನ್ ಸ್ವೆಸಿಕಸ್ ಎಂಬ ಆ ವರದಿಯಲ್ಲಿ ಗಿಡಗಳಿಗೆ ಎರಡೆರಡು ಪದಗಳ ಚುಟುಕು ಹೆಸರುಗಳಿದ್ದವು. 1753ರ ಸ್ಪೀಸೀಸ್ ಪ್ಲಾಂಟೇರಂ ಗ್ರಂಥದಲ್ಲಿ ಸುಮಾರು 6000 ಸಸ್ಯಗಳಿಗೆ, 1758ರ ಸಿಸ್ಟೆಮಾ ನ್ಯಾಚುರೇಯ ಹತ್ತನೆಯ ಮುದ್ರಣದಲ್ಲಿ ಪ್ರಾಣಿಗಳಿಗೆ ಈ ಪದ್ಧತಿ ವಿಸ್ತರಿಸಿತು. 1753ರ ಪುಸ್ತಕದಲ್ಲೂ ಚುಟುಕು ಹೆಸರು ಪುಟದ ಅಂಚಿನಲ್ಲಿತ್ತು. ಹಳೆಯ ಉದ್ದ ವರ್ಣನೆ ನಡುವೆ ಇತ್ತು. ಅಂಚಿನದೇ ಉಳಿಯಿತು.

ಮೇಕೆ ಏನು ತಿನ್ನುತ್ತದೆ ಎಂಬ ತಿಳಿವಳಿಕೆಯಿಂದಲೇ ದ್ವಿನಾಮ ಪದ್ಧತಿ ಬಳಕೆಗೆ ಬಂತು ಎಂಬುದನ್ನು ಹಿಂದಿನ ಬೆಂಚಿನ ಆ ಹುಡುಗನಿಗೆ ಹೇಳಿ ನೋಡಿ. ಸ್ಥಳೀಯ ಹೆಸರುಗಳನ್ನೂ ಲಿನೇಯಸ್ ಕಡೆಗಣಿಸಲಿಲ್ಲ. 1745ರ ಸ್ವೀಡನ್ನಿನ ಸಸ್ಯಗ್ರಂಥದಲ್ಲಿ ಜನ ಆಡುವ ಹೆಸರುಗಳನ್ನು ಸೇರಿಸಿದರು. ಒಳನಾಡಿನ ಪ್ರವಾಸಗಳ ಪುಸ್ತಕಗಳನ್ನು ಪಂಡಿತರ ಲ್ಯಾಟಿನ್ ಬಿಟ್ಟು ಸ್ವೀಡಿಷ್ ಭಾಷೆಯಲ್ಲೇ ಬರೆದರು.

ಭಾರತಕ್ಕೆ ಅವರು ಎಂದೂ ಬರಲಿಲ್ಲ. ಆದರೂ ಉತ್ತರಾಣಿ, ನೆಗ್ಗಿಲು, ಮುಟ್ಟಿದರೆ ಮುನಿ, ಶಂಖಪುಷ್ಪ, ಅಗ್ನಿಶಿಖೆಗಳ ಶಾಸ್ತ್ರೀಯ ಹೆಸರು ಅವರು ಕೊಟ್ಟದ್ದು. ಇಲ್ಲಿನ ಗಿಡಗಳ ಬಗ್ಗೆ ಅವರಿಗಿದ್ದ ಆಧಾರಗಳಲ್ಲಿ ಮುಖ್ಯವಾದದ್ದು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬಂದ ಹೋರ್ಟಸ್ ಮಲಬಾರಿಕಸ್. ಅದರ ಹಿಂದೆ ಇಟ್ಟಿ ಅಚ್ಯುತನ್ ಎಂಬ ಮಲಬಾರಿನ ವೈದ್ಯರ ಮತ್ತು ಕೊಂಕಣಿ ಪಂಡಿತರ ತಿಳಿವಳಿಕೆ ಇತ್ತು. ಲಿನೇಯಸ್ ಅವರ ಶಿಷ್ಯ ಕೋನಿಗ್ 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ವೈದ್ಯನಾಗಿ ಬಂದು ದಕ್ಷಿಣ ಭಾರತದ ಗಿಡಗಳನ್ನು ಸಂಗ್ರಹಿಸಿದ. ನಮ್ಮ ಒಗ್ಗರಣೆಯ ಕರಿಬೇವಿನ ಶಾಸ್ತ್ರೀಯ ಹೆಸರಿನಲ್ಲಿರುವ ಕೋನಿಗಿ ಎಂಬ ಪದ, 1771ರಲ್ಲಿ ಗುರು ಈ ಶಿಷ್ಯನ ಗೌರವಕ್ಕೆ ಇಟ್ಟದ್ದು.

ಕಂಡದ್ದು ಮತ್ತು ಕೇಳಿದ್ದು

ಮಹಾಪುರುಷರ ಜೀವನವನ್ನು ಬರೀ ಹೊಗಳಿಕೆಯಾಗಿ ಹೇಳಿದರೆ ಮಕ್ಕಳಿಗೆ ವಿಜ್ಞಾನದ ರೀತಿ ತಿಳಿಯುವುದಿಲ್ಲ. ಕವಲು ಬಾಲದ ಅಂಬರಗುಬ್ಬಿಗಳು ಚಳಿಗಾಲವನ್ನು ಕೆರೆಯ ನೀರಿನ ತಳದಲ್ಲಿ ಕಳೆಯುತ್ತವೆ ಎಂಬ ಜನರ ನಂಬಿಕೆಯನ್ನು ಲಿನೇಯಸ್ ಒಪ್ಪಿ ಬರೆದರು. ಹಕ್ಕಿಗಳು ವಲಸೆ ಹೋಗುತ್ತಿದ್ದವು. 1758ರ ಮುದ್ರಣದಲ್ಲಿ ಮನುಷ್ಯರನ್ನು ಖಂಡಗಳ ಪ್ರಕಾರ ನಾಲ್ಕು ಬಗೆಯಾಗಿ ವಿಂಗಡಿಸಿ, ಬಣ್ಣದ ಜೊತೆಗೆ ಸ್ವಭಾವ ನಡತೆಗಳನ್ನೂ ಆರೋಪಿಸಿದರು. ಯೂರೋಪಿನವರಿಗೆ ಒಳ್ಳೆಯ ಗುಣಗಳು, ಉಳಿದವರಿಗೆ ಕೀಳು ಗುಣಗಳು ಬಂದವು. ಇದಕ್ಕೆ ಕೇಸರ ಎಣಿಸಿದಂಥ ಆಧಾರ ಯಾವುದೂ ಇರಲಿಲ್ಲ; ಕೇಳಿದ ಮಾತು ಮತ್ತು ಕಾಲದ ಪೂರ್ವಗ್ರಹ ಇತ್ತು. ಆ ಕೋಷ್ಟಕವನ್ನು ಮುಂದಿನ ತಲೆಮಾರುಗಳು ಜನಾಂಗಭೇದಕ್ಕೆ ಬಳಸಿಕೊಂಡವು. ಕಣ್ಣಾರೆ ನೋಡಿ ಎಣಿಸಿ ಬರೆದದ್ದು ಎಲ್ಲಿ ನಿಂತಿದೆ, ಕೇಳಿ ಬರೆದದ್ದು ಎಲ್ಲಿ ಬಿದ್ದಿದೆ ಎಂದು ಮಕ್ಕಳ ಜೊತೆ ಚರ್ಚಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅವರ ಉತ್ಸಾಹಕ್ಕೆ ಬೆಲೆ ತೆತ್ತವರೂ ಇದ್ದರು. ಗಿಡ ಹುಡುಕಲು ದೂರ ದೇಶಗಳಿಗೆ ಹೋದ ಶಿಷ್ಯರಲ್ಲಿ ಹಾಸೆಲ್‌ಕ್ವಿಸ್ಟ್ 1752ರಲ್ಲಿ, ಲೋಫ್ಲಿಂಗ್ 1756ರಲ್ಲಿ, ಫೋರ್ಸ್ಕಾಲ್ 1763ರಲ್ಲಿ, ಇನ್ನೂ ತರುಣರಿರುವಾಗಲೇ, ಪರದೇಶದಲ್ಲಿ ತೀರಿಕೊಂಡರು.

ಕೊನೆಯ ವರ್ಷಗಳು

1758ರಲ್ಲಿ ಲಿನೇಯಸ್ ಉಪ್ಸಾಲಾದ ಹತ್ತಿರ ಹಮ್ಮರ್‌ಬೀ ಎಂಬಲ್ಲಿ ಜಮೀನು ಕೊಂಡರು. ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಅಲ್ಲಿಗೂ ಬರುತ್ತಿದ್ದರು. ರಾಜರಿಂದ ಶ್ರೀಮಂತ ಪದವಿ ದೊರೆತು ಹೆಸರು ಕಾರ್ಲ್ ಫಾನ್ ಲಿನೇ ಎಂದಾಯಿತು. 1774ರಿಂದ ಪಾರ್ಶ್ವವಾಯು ಅವರನ್ನು ಹಣ್ಣು ಮಾಡಿತು. ಕೊನೆಗೆ ತಮ್ಮ ಹೆಸರೇ ನೆನಪಿಗೆ ಬರದಷ್ಟು ಮರೆವು ಕವಿಯಿತೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. 1778ರ ಜನವರಿ 10ರಂದು ತೀರಿಕೊಂಡರು. ಉಪ್ಸಾಲಾದ ಮಹಾ ಚರ್ಚಿನಲ್ಲಿ ಅವರ ಸಮಾಧಿ ಇದೆ. ಅವರ ಸಂಗ್ರಹವನ್ನು ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲಿಷ್ ತರುಣ ಕೊಂಡು ಲಂಡನ್ನಿಗೆ ಒಯ್ದ; 1788ರಲ್ಲಿ ಅಲ್ಲಿ ಲಿನಿಯನ್ ಸೊಸೈಟಿ ಸ್ಥಾಪನೆಯಾಯಿತು. ಆ ಎಂಟು ದಾರಿಗಳ ಗುರುತು ಹಿಡಿದು ಉಪ್ಸಾಲಾದ ಜನ ಇಂದಿಗೂ ನಡೆಯುತ್ತಾರೆ.

ನಮ್ಮ ಅಭ್ಯಾಸ ಪಾಠಕ್ಕೆ

ವರ್ಗೀಕರಣದ ಘಟಕಕ್ಕೆ ಒಂದು ಅವಧಿಯನ್ನು ಶಾಲೆಯ ಸುತ್ತಲಿನ ನಡಿಗೆಗೆ ಇಡಲು ನಾನು ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸುತ್ತೇನೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಹಿಂದಿನ ದಿನ ದಾರಿಯನ್ನು ನೀವೇ ನಡೆದು ನೋಡಿ. ಅರ್ಧ ಕಿಲೋಮೀಟರು ಧಾರಾಳವಾಯಿತು. ಐದೈದು ಮಕ್ಕಳ ಗುಂಪು ಮಾಡಿ. ಬರೆಯಲು ಒಬ್ಬರು, ಚಿತ್ರಕ್ಕೆ ಒಬ್ಬರು, ಮಸೂರಕ್ಕೆ ಒಬ್ಬರು, ಹೊತ್ತು ನೋಡಲು ಒಬ್ಬರು, ಹಕ್ಕಿ ಮತ್ತು ಕೀಟಗಳ ಮೇಲೆ ಕಣ್ಣಿಡಲು ಒಬ್ಬರು. ಗುಂಪಿಗೆ ಒಂದು ಗಿಡದಿಂದ ಒಂದೇ ಹೂ. ದತ್ತೂರಿ, ಅಗ್ನಿಶಿಖೆ ವಿಷದ ಗಿಡಗಳು. ಯಾವುದನ್ನೂ ಬಾಯಿಗೆ ಹಾಕಬಾರದು, ಮರಳಿದ ಮೇಲೆ ಎಲ್ಲರೂ ಕೈ ತೊಳೆಯಬೇಕು. ಹುಲ್ಲು ಎತ್ತರವಿರುವ ಕಡೆ ಹಾವಿನ ಭಯವಿರುವುದರಿಂದ ಶಿಕ್ಷಕರೇ ಮುಂದೆ ಕೋಲು ಹಿಡಿದು ನಡೆಯಬೇಕು.

ಪ್ರತಿ ಹೂವಿಗೆ ಮಕ್ಕಳು ನಾಲ್ಕು ವಿಷಯ ಬರೆಯಲಿ: ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಾರೆ, ಎಸಳು ಎಷ್ಟು, ಕೇಸರ ಎಷ್ಟು, ದನ ಮೇಕೆಗಳು ತಿನ್ನುತ್ತವೆಯೇ. ಒಂದೇ ಗಿಡಕ್ಕೆ ಎರಡು ಮನೆಗಳಲ್ಲಿ ಎರಡು ಹೆಸರು ಬಂದರೆ ಎರಡನ್ನೂ ಹಲಗೆಯ ಮೇಲೆ ಬರೆಯಿರಿ. ಎಲ್ಲ ಊರಿಗೂ ಒಂದೇ ಹೆಸರು ಏಕೆ ಬೇಕು ಎಂಬ ಪ್ರಶ್ನೆ ಆಗ ಮಕ್ಕಳಿಂದಲೇ ಹುಟ್ಟುತ್ತದೆ. ದ್ವಿನಾಮ ಪದ್ಧತಿಯನ್ನು ಹೇಳಲು ಅದೇ ಸಮಯ.

ಮೌಲ್ಯಮಾಪನದ ಕಾಲಂನಲ್ಲಿ ಲಿನೇಯಸ್ ಹುಟ್ಟಿದ ಇಸವಿಯನ್ನು ಕೇಳುವ ಬದಲು, ನಡಿಗೆಯಲ್ಲಿ ನೋಡಿರದ ಒಂದು ಹೂವನ್ನು ಮೇಜಿನ ಮೇಲಿಟ್ಟು ಅದನ್ನು ಗುರುತಿಸಲು ಏನೇನು ನೋಡಬೇಕೆಂದು ಕೇಳಿ. ಮೊದಲ ಅವಕಾಶವನ್ನು ಹಿಂದಿನ ಬೆಂಚಿಗೆ ಕೊಡಿ.